ಪೆಡಲ್ ಸ್ಟೀಲ್‌ಗೆ ಸಣ್ಣ ಆಂಪ್ ಕೊಂಡು, ತಿದ್ದಿಕೊಂಡ ಬಗೆ

ಪೆಡಲ್ ಸ್ಟೀಲ್ ಅಂದರೆ ತಂತಿಗಳ ಮೇಲೆ ಲೋಹದ ಬಾರ್ ಜಾರಿಸಿ, ಪೆಡಲ್ ಒತ್ತಿ ಸ್ವರ ಬದಲಿಸುತ್ತಾ ಕೂತು ನುಡಿಸುವ ಗಿಟಾರ್. ಅದನ್ನು ನುಡಿಸುವವರಿಗೆ ಸಣ್ಣ ಆಂಪ್ (ಆಂಪ್ಲಿಫೈಯರ್) ಆಗಿಬರುವುದಿಲ್ಲ ಅನ್ನುವ ಮಾತು ಹಳೆಯದು. ಅದಕ್ಕೆ ಕಾರಣವೂ ಇದೆ. ಆ ಕಾರಣ ಸರಿಯಾಗಿ ಗೊತ್ತಿದ್ದರೆ ಸಣ್ಣದನ್ನೂ ಧೈರ್ಯವಾಗಿ ಕೊಳ್ಳಬಹುದು. ನಾನು ಕೊಂಡಿದ್ದೇನೆ.

ಕಾರಣ ಇರುವುದು ಬಲಗಾಲಿನ ಕೆಳಗೆ, ವಾಲ್ಯೂಮ್ ಪೆಡಲ್‌ನಲ್ಲಿ. ಮಾಮೂಲಿ ಗಿಟಾರ್‌ನಲ್ಲಿ ತಂತಿ ಮೀಟಿದ ಕ್ಷಣ ದನಿ ಜೋರಾಗಿರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ನಾವು ಅದನ್ನು ಇಳಿಯಲು ಬಿಡುವುದಿಲ್ಲ. ಪೆಡಲನ್ನು ಅರ್ಧ ಒತ್ತಿ ಮೀಟುತ್ತೇವೆ, ದನಿ ಕುಗ್ಗಿದ ಹಾಗೆ ಪಾದ ಒತ್ತುತ್ತಾ ಹೋಗುತ್ತೇವೆ. ಸ್ವರ ಅಲ್ಲೇ ನಿಲ್ಲುತ್ತದೆ. ಹೀಗಾಗಬೇಕಾದರೆ ಆಂಪ್‌ನ ವಾಲ್ಯೂಮ್ ಮೊದಲೇ ಸ್ವಲ್ಪ ಮೇಲಿರಬೇಕು. ಪಾದ ಇನ್ನೂ ಕೆಳಗಿರುವಾಗಲೇ ಮುಂದಿನ ಸ್ವರ ಬಿರುಸಾಗಿ ಮೀಟಿದರೆ ಆಂಪ್ ತಡೆಯಲಾರದೆ ದನಿ ಒಡೆಯುತ್ತದೆ. ಬ್ಲೂಸ್ ಗಿಟಾರ್‌ನವರಿಗೆ ಆ ಒಡಕು ಇಷ್ಟ. ನಮಗೆ ಆಗುವುದಿಲ್ಲ. ಎರಡು ಮೂರು ತಂತಿಯ ಸ್ವರಗಳು ಒಟ್ಟಿಗೆ ಜಾರುವಾಗ ದನಿ ಒಡೆದರೆ, ನಾವು ನುಡಿಸದೇ ಇರುವ ಸ್ವರಗಳು ಒಳಗಿನಿಂದ ಹುಟ್ಟಿಕೊಂಡು ಕಾರ್ಡ್ (ಸ್ವರಗುಚ್ಛ) ರಾಡಿಯಾಗುತ್ತದೆ.

ಅದಕ್ಕೇ ನಮ್ಮವರು ದೊಡ್ಡದನ್ನೇ ಹಿಡಿದರು. 85 ವಾಟ್‌ನ ಟ್ವಿನ್ ರಿವರ್ಬ್, 15 ಇಂಚಿನ ಸ್ಪೀಕರ್ ಇರುವ ಪೀವಿ ನ್ಯಾಶ್‌ವಿಲ್ 400, ಇವೆಲ್ಲ ಅದೇ ಲೆಕ್ಕದವು. ದನಿ ಚೆನ್ನ, ಆದರೆ ಟ್ವಿನ್ ಒಂದೇ ಸುಮಾರು 30 ಕೆಜಿ ತೂಗುತ್ತದೆ. ಸ್ಟೀಲ್ ಗಿಟಾರ್‌ನ ಪೆಟ್ಟಿಗೆಯೇ ಸಾಕಷ್ಟು ಭಾರ ಇರುವಾಗ, ಮನೆಯ ಅಭ್ಯಾಸಕ್ಕೂ ರೆಕಾರ್ಡಿಂಗ್‌ಗೂ ಇನ್ನೊಂದು ಅಷ್ಟೇ ಭಾರದ್ದನ್ನು ಎತ್ತಿಡುವುದು ನನಗೆ ಬೇಡವಾಗಿತ್ತು.

ನಾನು ತಂದದ್ದು ಪ್ರಿನ್ಸ್‌ಟನ್ ರಿವರ್ಬ್ ಮಾದರಿಯ ಒಂದು ಸೆಕೆಂಡ್ ಹ್ಯಾಂಡ್ ಆಂಪ್. ಎರಡು 6ವಿ6 ವಾಲ್ವ್ (ಸಿಗ್ನಲ್ ಹಿಗ್ಗಿಸುವ ಗಾಜಿನ ಟ್ಯೂಬ್), ಸುಮಾರು 12 ವಾಟ್, 10 ಇಂಚಿನ ಸ್ಪೀಕರ್. ಟ್ರೆಬಲ್, ಬಾಸ್ ಇದೆ, ಮಿಡ್ ತಿರುಗಿಸುವ ನಾಬ್ ಇಲ್ಲ. ಅದು ಕೊರತೆ ಅಂತ ನನಗೆ ಅನ್ನಿಸಲಿಲ್ಲ. ಈ ಜಾತಿಯ ಸರ್ಕ್ಯೂಟ್ ಮಧ್ಯದ ದನಿಯನ್ನು ತಾನೇ ಸ್ವಲ್ಪ ತಗ್ಗಿಸುತ್ತದೆ. ಸ್ಟೀಲ್ ಗಿಟಾರ್‌ನ ಪಿಕಪ್‌ಗಳಿಗೆ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಸುರುಳಿಗಳಿಗೆ) ಸುತ್ತು ಜಾಸ್ತಿ, ಮಧ್ಯದ ದನಿ ಅವುಗಳಲ್ಲಿ ಮೊದಲೇ ತುಂಬಿರುತ್ತದೆ. ಹಾಗಾಗಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಕೊಳ್ಳುವಾಗ ಪರೀಕ್ಷೆಗೆ ನನ್ನ ಗಿಟಾರ್ ಮತ್ತು ಪೆಡಲ್ ಎರಡನ್ನೂ ಒಯ್ದೆ. ಅಂಗಡಿಯ ಗಿಟಾರ್‌ನಲ್ಲಿ ಕೇಳಿ ತೀರ್ಮಾನ ಮಾಡಬೇಡಿ, ಅದು ನಮ್ಮ ಕೆಲಸಕ್ಕೆ ಏನನ್ನೂ ಹೇಳುವುದಿಲ್ಲ. ಇ9 ಅನ್ನುವ, ಪೆಡಲ್ ಸ್ಟೀಲ್‌ನ ಮಾಮೂಲಿ ಶ್ರುತಿಯಲ್ಲಿ ಬಾರನ್ನು 3ನೇ ಫ್ರೆಟ್‌ನಲ್ಲಿಟ್ಟು 8, 6, 5ನೇ ತಂತಿಗಳನ್ನು ಒಟ್ಟಿಗೆ ಮೀಟಿದೆ. ಜಿ ಮೇಜರ್ ಬಂತು. ತಂತಿಗಳ ಸ್ವರ ಏರಿಸುವ ಎ ಮತ್ತು ಬಿ ಪೆಡಲ್ ಒಟ್ಟಿಗೆ ಒತ್ತಿದಾಗ ಅದು ಸಿ ಮೇಜರ್‌ಗೆ ಜಾರಿತು. ಇದನ್ನೇ ವಾಲ್ಯೂಮ್ ಪೆಡಲ್ ಪೂರ್ತಿ ಕೆಳಗೊತ್ತಿ, ಜೋರಾಗಿ ಮೀಟಿ ಮತ್ತೆ ಮತ್ತೆ ಕೇಳಿದೆ. ಆಂಪ್‌ನ ವಾಲ್ಯೂಮ್ 3 ಇದ್ದಾಗ ತಿಳಿಯಾಗಿತ್ತು. 4 ದಾಟುತ್ತಿದ್ದಂತೆ ಜಾರುವ ದಾರಿಯಲ್ಲೇ ಗರಗರ ಶುರುವಾಯಿತು. ಮೇಲೆ ಹೋದಷ್ಟೂ ದಪ್ಪ ತಂತಿಗಳು ಮೊದಲು ಕೆಟ್ಟವು. ಎಲ್ಲಿ ಕೆಡುತ್ತದೆ ಅನ್ನುವುದು ಗೊತ್ತಾಯಿತು, ಏನನ್ನು ಸರಿಮಾಡಬೇಕು ಅನ್ನುವುದೂ ಗೊತ್ತಾಯಿತು. ಬೆಲೆ ಮಾತಾಡಿ ತಂದೆ.

ಮೊದಲು ಮಾಡಿಸಿದ್ದು ಕೆಪಾಸಿಟರ್ ಬದಲಾವಣೆ. ಹಳೆಯ ಆಂಪ್‌ನಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ. ಗುಂಯ್ ಅನ್ನುವ ಸದ್ದು ಬರುತ್ತದೆ, ಬಾಸ್ ಸಡಿಲವಾಗುತ್ತದೆ. ಇದನ್ನು ಬಲ್ಲವರ ಕೈಯಲ್ಲೇ ಮಾಡಿಸಿ. ಒಳಗೆ 400 ವೋಲ್ಟ್‌ಗೂ ಮೇಲೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಇನ್ನು ಸ್ಪೀಕರ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲರೂ ವಾಟ್ ಕೇಳುತ್ತಾರೆ, ಸ್ಪೀಕರ್‌ನ ಸೆನ್ಸಿಟಿವಿಟಿ ಯಾರೂ ಕೇಳುವುದಿಲ್ಲ. 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಅನ್ನುವ ಅಂಕಿ ಅದು. 3 ಡೆಸಿಬೆಲ್ ಜಾಸ್ತಿ ಇದ್ದರೆ ಆಂಪ್‌ನ ವಾಟ್ ಎರಡರಷ್ಟು ಮಾಡಿದ ಹಾಗೆ. ಹಳೆಯ ಸ್ಪೀಕರ್ 95 ಡೆಸಿಬೆಲ್‌ನದು, ನಾನು ಆರಿಸಿದ 12 ಇಂಚಿನ ನಿಯೋಡಿಮಿಯಂ ಸ್ಪೀಕರ್ 100 ಡೆಸಿಬೆಲ್‌ನದು. ಐದು ಡೆಸಿಬೆಲ್ ಅಂದರೆ ಮೂರು ಪಟ್ಟಿಗೂ ಸ್ವಲ್ಪ ಜಾಸ್ತಿ ವಾಟ್ ಬಂದ ಲೆಕ್ಕ. ಆಂಪ್‌ನ ಒಳಗೆ ಒಂದು ತಂತಿಯನ್ನೂ ಮುಟ್ಟದೆ ಇಷ್ಟು ಸಿಗುತ್ತದೆ! 3ರಲ್ಲೇ ಇಟ್ಟರೂ ಮೊದಲು 4ರ ಮೇಲೆ ಸಿಗುತ್ತಿದ್ದ ಜೋರು ಈಗ ತಿಳಿಯಾಗಿಯೇ ಸಿಗುತ್ತದೆ.

ಕ್ಯಾಬಿನೆಟ್ಟಿನಲ್ಲಿ 12 ಇಂಚು ಹಿಡಿಯುತ್ತದೆ. ಆದರೆ ಸ್ಪೀಕರ್ ಕೂರುವ ಮುಂದಿನ ಹಲಗೆಯನ್ನು ಹೊಸದಾಗಿ ಕತ್ತರಿಸಬೇಕು. ನಾನು ಪ್ಲೈವುಡ್‌ನಲ್ಲಿ ಮಾಡಿಸಿದೆ. ಅದಕ್ಕೂ ಮೊದಲು ಒಂದು ರಟ್ಟನ್ನು ಸ್ಪೀಕರ್‌ನ ಆಳಕ್ಕೆ ಕತ್ತರಿಸಿ ಒಳಗಿಟ್ಟು, ಮ್ಯಾಗ್ನೆಟ್ ಟ್ರಾನ್ಸ್‌ಫಾರ್ಮರ್‌ಗೆ ತಾಗುತ್ತದಾ ಅಂತ ನೋಡಿದೆ. ಬೆರಳು ತೂರುವಷ್ಟು ಜಾಗ ಉಳಿಯಿತು. ಮಾಮೂಲಿ ದಪ್ಪ ಮ್ಯಾಗ್ನೆಟ್ ಆಗಿದ್ದರೆ ಕೂರುತ್ತಿರಲಿಲ್ಲ. ಓಮ್ ಲೆಕ್ಕವನ್ನೂ ನೋಡಿಕೊಳ್ಳಿ. 8 ಓಮ್ ಕೇಳುವ ವಾಲ್ವ್ ಆಂಪ್‌ಗೆ 8 ಓಮ್ ಸ್ಪೀಕರನ್ನೇ ಹಾಕಬೇಕು. ಸ್ಪೀಕರ್ ಜೋಡಿಸದೆ ಆಂಪ್ ಆನ್ ಮಾಡಲೇಬಾರದು, ವಾಲ್ವ್‌ಗಳನ್ನು ಸ್ಪೀಕರ್‌ಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಆಮೇಲೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಒಂದು ಅಳತೆ ದೊಡ್ಡದಕ್ಕೆ ಬದಲಾಯಿಸಿಕೊಂಡೆ. ದಪ್ಪ ತಂತಿಗಳು ಗಟ್ಟಿಯಾದವು. ಸ್ಪೀಕರ್ ಕೊಟ್ಟಷ್ಟು ವ್ಯತ್ಯಾಸ ಇದು ಕೊಡಲಿಲ್ಲ, ದುಡ್ಡು ಕಮ್ಮಿ ಇದ್ದರೆ ಬಿಟ್ಟುಬಿಡಬಹುದು.

ಮೊದಲ ವಾಲ್ವ್ ಬದಲಾಯಿಸುವುದು ಸುಲಭ. 12ಎಎಕ್ಸ್7 ತೆಗೆದು ಅದೇ ಸಾಕೆಟ್‌ಗೆ 12ಎವೈ7 ಹಾಕಿದೆ. ಮೊದಲನೆಯದರ ಗೇನ್ ಅಂಕಿ 100, ಎರಡನೆಯದರದು 44. ಇದರಿಂದ ವಾಟ್ ಜಾಸ್ತಿ ಆಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ, ಆಗುವುದಿಲ್ಲ. ಸ್ಟೀಲ್‌ನ ಜೋರು ಪಿಕಪ್‌ನಿಂದ ಬರುವ ಸಿಗ್ನಲ್ ಮೊದಲ ಹಂತದಲ್ಲೇ ಒಡೆಯುವುದು ತಪ್ಪುತ್ತದೆ, ವಾಲ್ಯೂಮ್ ನಾಬ್ ತಿರುಗಿಸಲು ಜಾಗ ಸಿಗುತ್ತದೆ, ಅಷ್ಟೇ. ನನಗೆ ಬೇಕಿದ್ದದ್ದೂ ಅದೇ.

ಒಂದು ವಿಷಯ ಆಂಪ್‌ಗೆ ಹೊರಗಿನದು. ಆದರೂ ಹೇಳದೆ ಇರಲಾರೆ. ವಾಲ್ಯೂಮ್ ಪೆಡಲ್ ಒಳಗೆ ಪೊಟೆನ್ಶಿಯೋಮೀಟರ್ (ತಿರುಗಿಸಿ ದನಿ ಏರಿಳಿಸುವ ಬಿಡಿಭಾಗ) ಇದ್ದರೆ, ಪಾದ ಮೇಲೆತ್ತಿದಾಗ ದನಿ ಮಂಕಾಗುತ್ತದೆ. ಪಿಕಪ್‌ನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಜಾಸ್ತಿ, ಕೇಬಲ್ ಉದ್ದ, ಎರಡೂ ಸೇರಿ ಹೊಳಪನ್ನು ತಿಂದುಹಾಕುತ್ತವೆ. ಗಿಟಾರ್‌ಗೂ ಪೆಡಲ್‌ಗೂ ಮಧ್ಯೆ ಒಂದು ಬಫರ್ (ಸಿಗ್ನಲ್ ಸೊರಗದಂತೆ ಕಾಯುವ ಪುಟ್ಟ ಸರ್ಕ್ಯೂಟ್) ಇಟ್ಟರೆ ಹೊಳಪು ಹಾಗೇ ಉಳಿಯುತ್ತದೆ. ಸುಮ್ನೆ ಟ್ರೆಬಲ್ ಏರಿಸುತ್ತಾ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ.

ಜಾಗವೂ ಮುಖ್ಯ, ಅಲ್ವಾ? ನಾವು ಕೂತು ನುಡಿಸುತ್ತೇವೆ. ಆಂಪನ್ನು ನೇರ ನೆಲದ ಮೇಲಿಟ್ಟರೆ ಚೂಪು ದನಿ ಮೊಣಕಾಲಿಗೆ ತಾಗಿ ಹೋಗುತ್ತದೆ, ಕಿವಿಗೆ ಬಾಸ್ ಮಾತ್ರ ಉಳಿಯುತ್ತದೆ. ನಾನು ಹಿಂದಕ್ಕೆ ವಾಲಿಸಿ, ಸ್ವಲ್ಪ ಎತ್ತರದ ಸ್ಟ್ಯಾಂಡ್ ಮೇಲೆ ಇಡುತ್ತೇನೆ. ಟ್ರೆಬಲ್ 5, ಬಾಸ್ 3, ರಿವರ್ಬ್ 2 ಅಥವಾ 3. ವೇದಿಕೆಯಲ್ಲಿ ಅದರ ಮುಂದೆ ಮೈಕ್ ಇಟ್ಟರೆ ಸಾಕು.

ಸಿ6 ನೆಕ್‌ಗೆ, ಅಂದರೆ ಸಿ6 ಅನ್ನುವ ಇನ್ನೊಂದು ಶ್ರುತಿಯ ತಂತಿಗಳ ಸಾಲಿಗೆ ಮಾತ್ರ ಇದು ಸಾಲದು. ಅದರ 10ನೇ ತಂತಿ ಇಳಿಯುವುದು 65 ಹರ್ಟ್ಜ್‌ಗೆ. ಹಿಂಬದಿ ತೆರೆದ ಪುಟ್ಟ ಪೆಟ್ಟಿಗೆಯಲ್ಲಿ ಆ ಸ್ವರದ ಬುಡ ಕೇಳಿಸುವುದಿಲ್ಲ. ಸಿ6 ಜಾಸ್ತಿ ಇರುವ ದಿನ ನಾನು 15 ಇಂಚಿನ ದೊಡ್ಡ ಆಂಪನ್ನೇ ಹೊರುತ್ತೇನೆ.