ಐಸ್ ಬಾಕ್ಸಿಗೆ ಹಾಕಬಾರದ ರಕ್ತ

ಕಲಬುರಗಿಯ ಲ್ಯಾಬಿನಲ್ಲಿ ರಕ್ತ ತೆಗೆಯೋದೇ ನನ್ನ ಕೆಲಸ. ದೂರಕ್ಕೆ ಕಳಿಸುವ ರಕ್ತ ಅಂದರೆ ಐಸ್ ಬಾಕ್ಸು, ಕೈಗೆ ಅದೇ ರೂಢಿ. ನನ್ನ ಮೊದಲ ಲಿಕ್ವಿಡ್ ಬಯಾಪ್ಸಿ (ರಕ್ತದಲ್ಲೇ ಕ್ಯಾನ್ಸರ್ ಗಡ್ಡೆಯ ಡಿಎನ್‌ಎ ಹುಡುಕುವ ಪರೀಕ್ಷೆ) ಸ್ಯಾಂಪಲ್ ಕೆಟ್ಟಿದ್ದು ಆ ರೂಢಿಯಿಂದಲೇ.

ಚಿತ್ತಾಪುರ ಕಡೆಯ ಅಜ್ಜಿ. ಎದೆಯಿಂದ ತೆಗೆದ ನೀರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಆದರೆ ಜೀನ್ ಪರೀಕ್ಷೆಗೆ ಆ ನೀರಿನಲ್ಲಿ ಕೋಶಗಳು ಸಾಲಲಿಲ್ಲ. ಸೂಜಿ ಹಾಕಿ ತುಂಡು ತೆಗೆಯೋಣ ಅಂದರೆ ದಮ್ಮು ಜಾಸ್ತಿ. ರಕ್ತದಲ್ಲೇ ಇಜಿಎಫ್‌ಆರ್ ಅನ್ನೋ ಜೀನ್ ಬದಲಾಗಿದೆಯಾ ನೋಡೋಣ ಅಂದರು ಡಾಕ್ಟರು. 10 ಎಂಎಲ್‌ನ ಎರಡು ಟ್ಯೂಬ್ ತುಂಬಿಸಿ, ಐಸ್ ಪ್ಯಾಕಿನ ನಡುವೆ ಒತ್ತಿ ಕೊರಿಯರ್‌ಗೆ ಕೊಟ್ಟೆ. ಎರಡು ದಿನಕ್ಕೆ ಫೋನು: ರಕ್ತಕಣ ಒಡೆದಿವೆ, ಮತ್ತೆ ಕಳಿಸಿ.

"ಮತ್ತ ತಗೀತಿ ಏನಪ್ಪ? ಮೈಯಾಗ ಏನ್ ಉಳದದ?" ಅಂದರು ಅಜ್ಜಿ. ತಲೆ ಎತ್ತಿ ನೋಡಲಾಗಲಿಲ್ಲ.

ಗಡ್ಡೆಯ ಕೋಶಗಳು ಸಾಯುವಾಗ ಡಿಎನ್‌ಎ ಚೂರುಗಳು ರಕ್ತಕ್ಕೆ ಬೀಳುತ್ತವೆ. ಹುಡುಕುವುದು ಅವನ್ನೇ. ಆದರೆ ರಕ್ತದಲ್ಲಿ ತೇಲುವ ಡಿಎನ್‌ಎಯಲ್ಲಿ ಬಹುಪಾಲು ನಮ್ಮದೇ ಒಳ್ಳೆಯ ಕೋಶಗಳದ್ದು. ಗಡ್ಡೆಯದ್ದು ಎಷ್ಟೋ ಸಲ ನೂರಕ್ಕೆ ಒಂದು ಪಾಲೂ ಇರಲ್ಲ. ಟ್ಯೂಬಿನೊಳಗೆ ಬಿಳಿ ರಕ್ತಕಣ ಒಡೆದರೆ, ಮೊರದ ತೊಗರಿಯಲ್ಲಿ ನಾಲ್ಕು ಬೇರೆ ಕಾಳು ಹುಡುಕುವವನ ಮುಂದೆ ಇನ್ನೊಂದು ಚೀಲ ತೊಗರಿ ಸುರಿದ ಹಾಗೆ. ಮಾಮೂಲಿ ಇಡಿಟಿಎ ಟ್ಯೂಬಾದರೆ ಕೆಲವೇ ಗಂಟೆಯಲ್ಲಿ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಬೇರೆ ಮಾಡಬೇಕು. ಇಲ್ಲಿಂದ ಪರೀಕ್ಷೆ ಮಾಡುವ ಹೈದರಾಬಾದ್ ಲ್ಯಾಬು ಮುಟ್ಟೋದ್ರಲ್ಲೇ ಆ ಹೊತ್ತು ಮುಗಿದಿರುತ್ತದೆ. ಅದಕ್ಕೇ ಸ್ಟ್ರೆಕ್ ಅನ್ನೋ ಬೇರೆ ಥರದ ಟ್ಯೂಬು. ಅದರಲ್ಲಿನ ಔಷಧಿ ಕಣಗಳನ್ನು ಒಡೆಯದಂತೆ ಹಿಡಿದಿಡುತ್ತದೆ.

ಅದಕ್ಕೂ ಮಿತಿ ಇದೆ, 6ರಿಂದ 37 ಡಿಗ್ರಿ. ನಮ್ಮ ಮೇ ತಿಂಗಳ ಬಿಸಿಲು 42 ದಾಟುತ್ತದೆ, ಅಲ್ವಾ! ಐಸೂ ಬೇಡ, ಬೈಕಿನ ಡಬ್ಬಿಯೂ ಬೇಡ. ಈಗ ಥರ್ಮಾಕೋಲ್ ಡಬ್ಬಿಯಲ್ಲಿ, ಫ್ರಿಜ್ಜಿಗೆ ಹಾಕದ ಜೆಲ್ ಪ್ಯಾಕುಗಳ ನಡುವೆ ಇಡುತ್ತೇನೆ. ಟ್ಯೂಬು ಗೆರೆವರೆಗೂ ತುಂಬಲೇಬೇಕು. ತುಂಬಿದ ಕೂಡಲೇ ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗೆ ಮಾಡಬೇಕು, ಅಲುಗಾಡಿಸಬಾರದು. ಶನಿವಾರ ಕಳಿಸಲ್ಲ, ಭಾನುವಾರ ಡಬ್ಬಿ ಎಲ್ಲಿ ಬಿದ್ದಿರುತ್ತೋ ಯಾರಿಗೆ ಗೊತ್ತು.

ಎರಡನೇ ಸಲ ಅಜ್ಜಿಯ ರಕ್ತದಲ್ಲಿ ಇಜಿಎಫ್‌ಆರ್ ಜೀನಿನ ಎಕ್ಸಾನ್ 19 ಅನ್ನೋ ಭಾಗದ ಬದಲಾವಣೆ ಸಿಕ್ಕಿತು. ಕೀಮೋ ಬದಲು ಆ ಬದಲಾವಣೆಗೆ ಕೊಡುವ ಮಾತ್ರೆ ಶುರುವಾಯಿತು.

ಎಲ್ಲರಿಗೂ ಹಾಗಾಗಲ್ಲ. ಒಬ್ಬ ಲಾರಿ ಡ್ರೈವರನ ರಿಪೋರ್ಟಿನಲ್ಲಿ ಏನೂ ಸಿಗಲಿಲ್ಲ ಅಂತ ಬಂದಾಗ ಮನೆಯವರು ಒಳ್ಳೇ ಸುದ್ದಿ ಅಂದುಕೊಂಡು ಪೇಡೆ ತಂದಿದ್ದರು. ಗಡ್ಡೆ ಚೂರು ಬಿಡದಿದ್ದರೂ ರಿಪೋರ್ಟು ಹಾಗೇ ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇಂಥ ಮೊದಲ ಇಜಿಎಫ್‌ಆರ್ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಾಗಲೇ, ರಕ್ತದಲ್ಲಿ ಸಿಗದಿದ್ದರೆ ತುಂಡು ತೆಗೆದು ನೋಡಿ ಅಂದಿತ್ತು. ಪೇಡೆ ಕೈಯಲ್ಲಿ ಹಿಡಿದುಕೊಂಡೇ ಅದನ್ನು ಹೇಳಬೇಕಾಯಿತು. ಈಗ ರಕ್ತ ತೆಗೆಯುವ ಮೊದಲೇ ಹೇಳಿಬಿಡುತ್ತೇನೆ.

ಚೆನ್ನಾಗಿರುವವರೂ ಬರುತ್ತಾರೆ, "ಒಂದ್ ಸಲ ಕ್ಯಾನ್ಸರ್ ರಕ್ತ ಟೆಸ್ಟ್ ಮಾಡ್ರಿ" ಅಂತ. ಮೊನ್ನೆ ಬಂದವನ ಹಲ್ಲು ಗುಟ್ಕಾದಿಂದ ಕೆಂಪಾಗಿತ್ತು. ಬಾಯಿ ತೆಗಿ ಅಂದೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಮೊಬೈಲ್ ಟಾರ್ಚಿನಲ್ಲೇ ಕಂಡಿತು. ಟ್ಯೂಬು ಡ್ರಾಯರಿಗೆ ಹಾಕಿ, ಬಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.