ಬಚ್ಚಲೊಲೆಯಿಂದ ಕುಸ್ವಾರ್ ಡಬ್ಬದವರೆಗೆ

ನಮ್ಮ ಚಿಕ್ಕಮಗಳೂರಿನಲ್ಲಿ ನವೆಂಬರ್ ಅರ್ಧ ಕಳೆಯಿತೆಂದರೆ ತೆಂಗಿನೆಣ್ಣೆ ಬಾಟಲಿಯೊಳಗೇ ಬೆಳ್ಳಗೆ ಗಟ್ಟಿಯಾಗುತ್ತದೆ. 24 ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುವುದು ಅದರ ಗುಣ. ಚಳಿಗಾಲ ಬಂತೆಂದು ನನಗೆ ಹೇಳುವುದು ಅದೇ. ಅವತ್ತೇ ಎಣ್ಣೆಯನ್ನು ಬಿಸಿಲಿಗಿಟ್ಟು ಕರಗಿಸಿ, ಅಗಲ ಬಾಯಿಯ ಡಬ್ಬಕ್ಕೆ ಸುರಿದುಬಿಡುತ್ತೇನೆ. ಆಮೇಲೆ ಚಮಚದಲ್ಲಿ ಕೆರೆದು ತೆಗೆಯಬಹುದು, ದಿನಾ ಬಾಟಲಿ ಕಾಯಿಸಲು ಗ್ಯಾಸ್ ಹಚ್ಚಬೇಕಿಲ್ಲ. ಆಮೇಲೆ ಕಪಾಟಿನಿಂದ ಚಳಿಗಾಲದ, ಕ್ರಿಸ್ಮಸ್ ಹಬ್ಬದ ಲೆಕ್ಕದ ಪುಸ್ತಕ ಹೊರಗೆ ಬರುತ್ತದೆ.

1975ರಲ್ಲಿ ಮದುವೆಯಾಗಿ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದವಳು ನಾನು. ಯಜಮಾನರು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್, ನಾನು ಶಾಲೆಯಲ್ಲಿ ಟೀಚರ್. ಮೂರನೇ ಮಗು ಹುಟ್ಟಿದ ವರ್ಷ ಕ್ರಿಸ್ಮಸ್ಸಿಗೆ ಊರಿನಿಂದ ಎಲ್ಲರೂ ಬಂದಿದ್ದರು. ಹೊಸ ಬಟ್ಟೆ, ಕೇಕು, ಹಂದಿ ಮಾಂಸ, ಬಂದವರಿಗೆಲ್ಲ ಉಡುಗೊರೆ. ಡಿಸೆಂಬರ್ ಒಂದೇ ತಿಂಗಳಲ್ಲಿ ಎಲ್ಲವನ್ನೂ ಮಾಡಹೋಗಿ ಬಡ್ಡಿಗೆ ಸಾಲ ಎತ್ತಿದೆವು. ಅದು ತೀರಿದ್ದು ಆಗಸ್ಟಿನಲ್ಲಿ. ಎಂಟು ತಿಂಗಳು ಸಂಬಳ ಕೈಗೆ ಬಂದ ದಿನವೇ ಅರ್ಧ ಹೋಗುತ್ತಿತ್ತು, ಮಕ್ಕಳ ಹಾಲಿನಲ್ಲೂ ಕಡಿತ ಮಾಡಬೇಕಾಯಿತು. ಆ ನೋವು ನನಗೆ ಇವತ್ತಿಗೂ ಇದೆ. ಅಂದಿನಿಂದ ಹಬ್ಬದ ಖರ್ಚನ್ನು ಡಿಸೆಂಬರಿಗೆ ಬಿಟ್ಟದ್ದಿಲ್ಲ. ಬಟ್ಟೆ ಆಷಾಢದ ರಿಯಾಯಿತಿಯಲ್ಲೇ ಬರುತ್ತದೆ, ಮಕ್ಕಳದ್ದಾದರೆ ಒಂದು ಅಳತೆ ದೊಡ್ಡದು, ಮಡಿಕೆ ಬಿಟ್ಟು ಹೊಲಿಸಿದ್ದು. ಹಂದಿ ಮಾಂಸಕ್ಕೆ ಹಾಕುವ ಬಫಾತ್ ಮಸಾಲೆ ಪುಡಿಗೆ ಮೆಣಸು, ಕೊತ್ತಂಬರಿ ಏಪ್ರಿಲ್ ಬಿಸಿಲಲ್ಲಿ ಒಣಗುತ್ತದೆ. ಒಣದ್ರಾಕ್ಷಿ, ಗೋಡಂಬಿ ಆಗಸ್ಟಿನಿಂದ ತಿಂಗಳಿಗೆ 100 ಗ್ರಾಂನಂತೆ ಡಬ್ಬ ಸೇರುತ್ತದೆ. ಮೈದಾ ಮಾತ್ರ ಮೊದಲೇ ತರಬೇಡಿ, ಹುಳು ಬೀಳುತ್ತದೆ.

ಆದರೆ ಈ ತಿಂಗಳುಗಳಲ್ಲಿ ದುಡ್ಡು ನಿಜವಾಗಿ ಸೋರುವುದು ಶಾಖದಲ್ಲಿ. ಸ್ನಾನದ ನೀರು, ಒಲೆ, ಕೇಕು, ಕರಿಯುವುದು, ಎಲ್ಲವೂ ಶಾಖವೇ. ಒಮ್ಮೆ ಹಚ್ಚಿದ ಬೆಂಕಿಯಿಂದ ಎರಡು ಮೂರು ಕೆಲಸ ತೆಗೆಯದಿದ್ದರೆ ಅದು ಸುಮ್ಮನೆ ಸುಟ್ಟ ದುಡ್ಡು.

ಗೀಸರಿನ ಲೆಕ್ಕವನ್ನೇ ನೋಡಿ. 15 ಲೀಟರಿನ, 2000 ವ್ಯಾಟ್ ಗೀಸರು ನಮ್ಮೂರಿನ ತಣ್ಣೀರನ್ನು ಕಾಯಿಸಲು ಸುಮಾರು 20 ನಿಮಿಷ ತೆಗೆದುಕೊಳ್ಳುತ್ತದೆ, ಅಂದರೆ ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ. ನಾಲ್ಕು ಜನರ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಲ ಕಾದರೆ ತಿಂಗಳಿಗೆ ಗೀಸರಿನದ್ದೇ 80 ಯೂನಿಟ್. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಇರುವ ಮನೆಯವರು ಇದನ್ನು ಮರೆಯಬಾರದು. 200 ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಆ ತಿಂಗಳ ಇಡೀ ಬಿಲ್ಲನ್ನೇ ಕಟ್ಟಬೇಕು. ವರ್ಷವೆಲ್ಲ ಒಳಗೇ ಇದ್ದ ಮನೆಗಳು ಡಿಸೆಂಬರ್, ಜನವರಿಯಲ್ಲಿ ಜಾರುವುದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಮೀಟರ್ ಓದುವವರು ಬರುವುದಕ್ಕೆ ಹತ್ತು ದಿನ ಮುಂಚೆ ನೀವೇ ಒಮ್ಮೆ ಮೀಟರ್ ನೋಡಿಕೊಳ್ಳಿ. ಸ್ವಿಚ್ ಹಾಕಿ ಕಾಫಿ ಕುಡಿಯುತ್ತ ಕೂರಬೇಡಿ. 20 ನಿಮಿಷಕ್ಕೆ ಆರಿಸಿ, ಆ ನೀರನ್ನು ಬಕೆಟ್ಟಿಗೆ ಬಿಟ್ಟು ತಣ್ಣೀರು ಬೆರೆಸಿದರೆ ಇಬ್ಬರ ಸ್ನಾನವಾಗುತ್ತದೆ. ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಅಷ್ಟೆ. ಶವರಿನಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ.

ಬಚ್ಚಲೊಲೆ ಇರುವವರು ಅದನ್ನು ಕೆಡವಬೇಡಿ. ಕಾಫಿ ಗಿಡದ ಸವರು, ಸಿಲ್ವರ್ ಓಕಿನ ಒಣ ರೆಂಬೆ, ತೆಂಗಿನ ಗರಿ ಯಾವುದಾದರೂ ನಡೆಯುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಹಂಡೆಯ ಕೆಳಗೆ ಬೆಂಕಿ. ಎಲ್ಲರ ಸ್ನಾನ ಮುಗಿದ ಮೇಲೆ ಉಳಿದ ಕೆಂಡದ ಬೂದಿಯೊಳಗೆ ಗೆಣಸು ಹುಗಿಯುತ್ತೇನೆ, ಹತ್ತು ಗಂಟೆಗೆ ತಿನ್ನಲು ಸಿದ್ಧ. ಸಂಜೆ ರುಬ್ಬಿದ ದೋಸೆ ಹಿಟ್ಟು ರಾತ್ರಿ ಬಚ್ಚಲೊಲೆಯ ಕಟ್ಟೆ ಮೇಲೆ ಕಂಬಳಿ ಹೊದ್ದು ಕೂರುತ್ತದೆ. ಚಳಿಗೆ ಹಿಟ್ಟು ಹುಳಿ ಬರುವುದಿಲ್ಲವೆಂದು ಸೋಡಾ ಸುರಿಯುವವರಿದ್ದಾರೆ, ಬೇಕಾಗಿಲ್ಲ. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಸಿ, ಬೆಚ್ಚಗಿನ ನೀರಿನಲ್ಲಿ ರುಬ್ಬಿ, ಕೈಯಿಂದಲೇ ಕಲಸಿ. ಹಬ್ಬಕ್ಕೆ ಮಾಡುವ, ಇಡ್ಲಿಯಂಥ ಸನ್ನಾಣದ ಹಿಟ್ಟಿಗೂ ಇದೇ ಕಟ್ಟೆ. ಬೂದಿಯನ್ನು ಜರಡಿ ಹಿಡಿದು ಪಾತ್ರೆ ತಿಕ್ಕಲು, ಉಳಿದದ್ದು ಬಸಳೆ ಬುಡಕ್ಕೆ.

ಒಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳಬೇಡಿ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳುವುದಿಲ್ಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸುವುದೂ ಅಷ್ಟೇ ಅಪಾಯ. ಇಂಥ ಕಡೆ ಉಳಿತಾಯ ನೋಡಬೇಡಿ.

ಮಲಗುವಾಗ ಬೆಚ್ಚಗಿರಲು ಬೆಂಕಿ ಬೇಡವೇ ಬೇಡ. ಚಳಿ ಮೇಲಿನಿಂದ ಬರುತ್ತದೆಂದು ನಾವು ಮೇಲೆ ಮೇಲೆ ಹೊದೆಯುತ್ತೇವೆ, ಅದು ಕೆಳಗಿನಿಂದಲೂ ಏರುತ್ತದೆ. ಹಾಸಿಗೆಯ ಕೆಳಗೆ ನಾಲ್ಕು ಪದರ ಹಳೆ ನ್ಯೂಸ್‌ಪೇಪರ್, ಮೇಲೆ ಹಳೆ ಹತ್ತಿ ಸೀರೆಗಳ ಕೌದಿ ಒಂದು ಹಾಸಿ ನೋಡಿ, ಹೊದಿಕೆ ಒಂದು ಕಡಿಮೆ ಸಾಕಾಗುತ್ತದೆ. ಕಂಬಳಿಗಳನ್ನು ಮಧ್ಯಾಹ್ನ ಬಿಸಿಲಿಗೆ ಹರವಿ, ಮೂರೂವರೆಗೆಲ್ಲ ಬಿಸಿ ಇರುವಾಗಲೇ ಮಡಿಸಿ ಒಳಗೆ ತನ್ನಿ. ಐದಕ್ಕೆ ಕಿಟಕಿ ಮುಚ್ಚಿ. ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಬಿರಡೆ ಬಿಗಿಯಾಗಿದೆಯೇ ನೋಡಿ, ಹಳೆ ಕಾಲುಚೀಲದೊಳಗೆ ತೂರಿಸಿ ಕಾಲ ಬಳಿ ಇಟ್ಟುಕೊಂಡರೆ ನಡುರಾತ್ರಿಯವರೆಗೆ ಶಾಖ, ಬೆಳಿಗ್ಗೆ ಅದೇ ನೀರಲ್ಲಿ ಮುಖ ತೊಳೆಯಬಹುದು.

ಕುಚ್ಚಲಕ್ಕಿ ಉಣ್ಣುವ ಮನೆಯವರಿಗೆ ಹುಲ್ಲಿನ ಬುಟ್ಟಿಯ ವಿಷಯ ಹೇಳಲೇಬೇಕು. ಈಗ ಅಂಗಡಿಯಲ್ಲಿ ಥರ್ಮಲ್ ಕುಕ್ಕರ್ ಎಂದು ಸಿಗುತ್ತದಲ್ಲ, ಅದರ ಅಜ್ಜಿ ಇದು. ಕುಚ್ಚಲಕ್ಕಿ ನೇರ ಒಲೆಯ ಮೇಲೆ ಮುಕ್ಕಾಲು ಗಂಟೆ, ಕೆಲವು ತಳಿ ಒಂದು ಗಂಟೆಯೂ ಬೇಯಬೇಕು. ನಾನು ಹಳೆ ಬಿದಿರು ಬುಟ್ಟಿಯ ತಳಕ್ಕೆ ಒಂದು ಗೇಣು ಒಣ ಭತ್ತದ ಹುಲ್ಲು ತುಂಬಿ, ನಡುವೆ ಪಾತ್ರೆ ಕೂರುವಷ್ಟು ಗುಂಡಿ ಬಿಟ್ಟು, ಸುತ್ತಲೂ ಹುಲ್ಲು ಗಿಡಿದು, ಒಳಗೆ ಹಳೆ ಕಂಬಳಿ ಹಾಸಿದ್ದೇನೆ. ಅಕ್ಕಿ ಕುದಿ ಬಂದು ಹತ್ತು ಹನ್ನೆರಡು ನಿಮಿಷ ಭರ್ರೆಂದು ಕುದಿಯಲಿ. ಮುಚ್ಚಳ ತೆಗೆದು ನೋಡುವ ಆಸೆ ಬಿಟ್ಟು, ಒಲೆಯಿಂದ ನೇರ ಬುಟ್ಟಿಗೆ ಇಳಿಸಿ. ಮೇಲೆ ಹುಲ್ಲು ತುಂಬಿದ ದಿಂಬು. ಒಂದೂವರೆ ಗಂಟೆ ಬಿಟ್ಟು ತೆರೆದರೆ ಆವಿ ಮುಖಕ್ಕೆ ಬಡಿಯುತ್ತದೆ, ಅನ್ನ ಅರಳಿರುತ್ತದೆ, ತಳ ಹಿಡಿದಿರುವುದಿಲ್ಲ. ಪಾತ್ರೆ ಮುಕ್ಕಾಲು ತುಂಬಿರಬೇಕು, ಅರ್ಧ ಪಾತ್ರೆಯಲ್ಲಿ ಶಾಖ ನಿಲ್ಲದು. ಕಡಲೆ, ಹೆಸರು, ಅವರೆಕಾಳಿಗೂ ಇದು ಸರಿ. ಈಗ ಅವರೆ ಸೊಗಡಿನ ಕಾಲ, ಬೆಲೆ ಇಳಿದಾಗ ಹೆಚ್ಚು ತಂದು ಸಂಜೆ ಎಲ್ಲರೂ ಕೂತು ಸುಲಿದರೆ ವಾರದ ಸಾರು, ಉಪ್ಪಿಟ್ಟು ಅದರಲ್ಲೇ.

ಇನ್ನು ಕುಸ್ವಾರ್, ಅಂದರೆ ನಾವು ಕ್ರಿಸ್ಮಸ್ಸಿಗೆ ಮಾಡಿ ಹಂಚುವ ತಿಂಡಿಗಳು. ಕಿಡಿಯೊ, ಗುಳಿಯೊ, ನೆವ್ರಿ, ರೋಸ್ ಕುಕಿ, ಚಕ್ಕುಲಿ, ಎಳ್ಳುಂಡೆ, ಎಲ್ಲವನ್ನೂ ಒಂದೇ ಮನೆಯಲ್ಲಿ ಮಾಡಲು ಹೊರಟರೆ ಎಣ್ಣೆ, ಗ್ಯಾಸ್, ಸೊಂಟ ಮೂರೂ ಮುಗಿಯುತ್ತವೆ. ನಾವು ನಾಲ್ಕು ಮನೆಯವರು 30 ವರ್ಷದಿಂದ ಹಂಚಿಕೊಂಡಿದ್ದೇವೆ. ಒಂದೊಂದು ಮನೆ ಎರಡೆರಡು ತಿಂಡಿ, ನಾಲ್ಕೂ ಮನೆಗಾಗುವಷ್ಟು. ಡಿಸೆಂಬರ್ 20ರ ಹೊತ್ತಿಗೆ ಡಬ್ಬಗಳನ್ನು ತಂದು ಹಂಚಿಕೊಳ್ಳುವುದು. ಒಂದು ಬಾಣಲೆ ಕಾದ ಮೇಲೆ ಒಂದು ಕೆಜಿ ಕರಿದರೂ ಮೂರು ಕೆಜಿ ಕರಿದರೂ ಕಾಯಿಸುವ ಖರ್ಚು ಒಂದೇ. ಕರಿಯುವುದಕ್ಕೆ ಒಂದು ಕ್ರಮವಿದೆ. ಮೊದಲು ರೋಸ್ ಕುಕಿ, ಆಮೇಲೆ ಕಿಡಿಯೊ, ಆಮೇಲೆ ಚಕ್ಕುಲಿ, ಕೊನೆಗೆ ನೆವ್ರಿ. ನೆವ್ರಿಯ ಹೂರಣ ಒಂದರಲ್ಲಿ ಬಿಚ್ಚಿಕೊಂಡರೂ ಸಕ್ಕರೆ, ತೆಂಗು, ಎಳ್ಳು ಎಣ್ಣೆಗಿಳಿದು ಕರಕಲಾಗಿ, ಆ ಎಣ್ಣೆಯಲ್ಲಿ ಮತ್ತೇನೂ ಬಿಳಿಯಾಗಿ ಬರುವುದಿಲ್ಲ.

ರೋಸ್ ಕುಕಿ ಅಚ್ಚನ್ನು ಬಿಡುವುದಿಲ್ಲವೆಂದು ಹೊಸ ಸೊಸೆಯಂದಿರು ಅಳುವುದನ್ನು ನೋಡಿದ್ದೇನೆ. ಹೊಸ ಅಚ್ಚಾದರೆ ಹಿಂದಿನ ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಿ. ಕರಿಯುವಾಗ ಅಚ್ಚು ಎಣ್ಣೆಯಲ್ಲೇ ಕಾದಿರಬೇಕು. ಹಿಟ್ಟಿಗೆ ಅದ್ದಿದಾಗ ‘ಚುಂಯ್’ ಎನ್ನಬೇಕು, ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಅಂಚು ದಾಟಿ ಹಿಟ್ಟು ಮೇಲೇರಿದರೆ ಅಚ್ಚನ್ನು ಅಪ್ಪಿಕೊಂಡು ಬಿಡುವುದಿಲ್ಲ. ಸಕ್ಕರೆ ಹೆಚ್ಚಾದರೆ ಬೇಗ ಕೆಂಪಾಗಿ, ಮೆತ್ತಗಾಗಿ, ಎಣ್ಣೆಯನ್ನೂ ಕುಡಿಯುತ್ತದೆ. ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಒಗ್ಗರಣೆಗೆ ಒಂದೆರಡು ವಾರದಲ್ಲಿ ಮುಗಿಸಿ, ಮತ್ತೆ ಮತ್ತೆ ಕರಿಯಬೇಡಿ.

ಕೇಕಿಗೆ ಅಂಗಡಿಯ ಬಣ್ಣದ ಚೂರು ಯಾಕೆ ಬೇಕು? ಟೂಟಿ ಫ್ರೂಟಿ ಎಂದು ಮಾರುವುದು ಪಪ್ಪಾಯಿ ಕಾಯಿ. ಹಿತ್ತಲಿನ ಬಲಿತ ಕಾಯಿಯನ್ನು ಸಣ್ಣಗೆ ಹೆಚ್ಚಿ, ಗಾಜಿನಂತೆ ಪಾರದರ್ಶಕವಾಗುವವರೆಗೆ ಬೇಯಿಸಿ, ಸಕ್ಕರೆ ಪಾಕದಲ್ಲಿ ಕುದಿಸಿ ರಾತ್ರಿಯಿಡೀ ಬಿಟ್ಟು, ಒಂದೆರಡು ದಿನ ಬಿಸಿಲಿಗೆ ಒಣಗಿಸಿದರೆ ಆಯಿತು. ಕೊಡಗಿನ ಕಿತ್ತಳೆ ತಿಂದಾಗ ಸಿಪ್ಪೆ ಎಸೆಯಬೇಡಿ. ಮೂರು ಸಲ ಕುದಿಸಿ ನೀರು ಚೆಲ್ಲಿದರೆ ಕಹಿ ಹೋಗುತ್ತದೆ, ಆಮೇಲೆ ಸಮ ತೂಕದ ಸಕ್ಕರೆಯಲ್ಲಿ ಬೇಯಿಸಿ. ರಮ್ ಬೇಕೆಂದೇನಿಲ್ಲ, ಹಿಂದಿನ ರಾತ್ರಿ ಒಣಹಣ್ಣುಗಳನ್ನು ಕಿತ್ತಳೆ ರಸದಲ್ಲಿ ಒಂದು ಕುದಿ ಕುದಿಸಿ ಮುಚ್ಚಿಟ್ಟರೆ ಸಾಕು. ಮೈದಾ, ಬೆಣ್ಣೆ, ಸಕ್ಕರೆ ಕಾಲು ಕಾಲು ಕೆಜಿ, ಐದು ಮೊಟ್ಟೆ, ಇಷ್ಟಕ್ಕೆ ಒಂದು ಒಳ್ಳೆಯ ಕೇಕು. ಬೆಣ್ಣೆ ನವೆಂಬರಿನಿಂದ ಕೂಡಿಸಿದ ಹಾಲಿನ ಕೆನೆಯದ್ದೇ ಆಗಲಿ.

ನನ್ನ ಅಮ್ಮ ತಾಮ್ರದ ಪಾತ್ರೆಗೆ ಮರಳು ಹಾಕಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದಳು. ಓವನ್ ಇಲ್ಲದವರು ಕುಕ್ಕರಿನ ತಳಕ್ಕೆ ಎರಡು ಲೋಟ ಉಪ್ಪು ಹರಡಿ, ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದು, ಹತ್ತು ನಿಮಿಷ ಕಾಯಿಸಿ, ಒಳಗೆ ಸ್ಟ್ಯಾಂಡಿನ ಮೇಲೆ ಕೇಕಿನ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬಿಡಿ. ಆ ಉಪ್ಪನ್ನು ಡಬ್ಬದಲ್ಲಿಟ್ಟರೆ ವರ್ಷ ವರ್ಷವೂ ಅದೇ. ಓವನ್ ಇದ್ದವರು ಒಂದೇ ಕೇಕಿಗೆ ಹಚ್ಚಬೇಡಿ, ಪಕ್ಕದ ಮನೆಯವರದ್ದನ್ನೂ ಕರೆದು ಇಡಿಸಿಕೊಳ್ಳಿ.

ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿಗೆ ಪ್ಲಾಸ್ಟಿಕ್ ಹುಲ್ಲು ಕೊಳ್ಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಗೋದಲಿ ಮಾಡಿದಾಗ ಅಲ್ಲಿದ್ದದ್ದು ಹುಲ್ಲು, ಎತ್ತು, ಕತ್ತೆ. ಬಡತನದಲ್ಲಿ ಹುಟ್ಟಿದ ಮಗುವನ್ನು ಕಣ್ಣಾರೆ ತೋರಿಸಬೇಕೆಂಬುದೇ ಅವರ ಆಸೆ. ಡಿಸೆಂಬರ್ 12, 13ಕ್ಕೆ ಹಳೆ ತಟ್ಟೆಗಳಲ್ಲಿ ತೆಳುವಾಗಿ ಮಣ್ಣು ಹರಡಿ ನೆನೆಸಿದ ರಾಗಿ, ಭತ್ತ ಚೆಲ್ಲಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಬಂದ ಮೇಲೆ ಬಿಸಿಲಿಗಿಡಿ. 24ರ ರಾತ್ರಿಗೆ ಹಸಿರು ಗದ್ದೆ ಸಿದ್ಧ. ನೀರು ಹಾಕುವ ಕೆಲಸ ಮನೆಯ ಕಿರಿಯ ಮಗುವಿನದ್ದಾಗಲಿ. ನಕ್ಷತ್ರ ನಮ್ಮದು ಬಿದಿರು ಕಡ್ಡಿಯದ್ದು, ಪ್ರತಿ ವರ್ಷ ಕಾಗದ ಮಾತ್ರ ಹೊಸತು. ಒಳಗೆ 60 ವ್ಯಾಟ್ ಬಲ್ಬ್ ದಿನಕ್ಕೆ ನಾಲ್ಕು ಗಂಟೆಯಂತೆ 25 ದಿನ ಉರಿದರೆ 6 ಯೂನಿಟ್, 9 ವ್ಯಾಟಿನ ಎಲ್‌ಇಡಿ ಹಾಕಿದರೆ ಒಂದು ಯೂನಿಟ್ಟೂ ಆಗುವುದಿಲ್ಲ. ರಾತ್ರಿ ಹತ್ತಕ್ಕೆ ಆರಿಸಿಬಿಡಿ. ಉರಿದುಳಿದ ಮೇಣದ ತುಂಡುಗಳನ್ನು ಬಟ್ಟಲಲ್ಲಿ ಕೂಡಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ ತೆಂಗಿನೆಣ್ಣೆ ಬೆರೆಸಿದರೆ ಒಡೆದ ಹಿಮ್ಮಡಿಗೆ ಜನವರಿಯೆಲ್ಲ ಸಾಕಾಗುವಷ್ಟು ಮುಲಾಮು.

ಕುಸ್ವಾರಿನ ಮೊದಲ ತಟ್ಟೆ ಪಕ್ಕದ ಮನೆಯವರಿಗೆ ಹೋಗುತ್ತದೆ, ಅದರಲ್ಲಿ ಮಾತ್ರ ಕಂಜೂಸುತನ ಮಾಡಿದವಳಲ್ಲ. ದೀಪಾವಳಿಗೆ ಅವರ ಕಜ್ಜಾಯ ಬಂದಿರುತ್ತದೆ. ಈ ತಟ್ಟೆ ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಹೊತ್ತು ಹಿಂತಿರುಗುತ್ತದೆ.

ಜನವರಿ ಮೊದಲಲ್ಲಿ ಬರುವ ಮೂರು ರಾಯರ ಹಬ್ಬ ಕಳೆದ ಮೇಲೆ ಗೋದಲಿ ಬಿಚ್ಚಿ, ರಾಗಿ ಪೈರನ್ನು ಹಸುವಿಗೆ ಹಾಕಿ, ಬೊಂಬೆಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ತಗಡಿನ ಪೆಟ್ಟಿಗೆಗೆ ಇಡುತ್ತೇನೆ. ಆಮೇಲೆ ಲೆಕ್ಕದ ಪುಸ್ತಕದಲ್ಲಿ ಬರೆಯುವುದು: ಎಣ್ಣೆ ಎಷ್ಟು ಹಿಡಿಯಿತು, ಯಾವ ತಿಂಡಿ ಮೊದಲು ಖಾಲಿಯಾಯಿತು, ಯಾವುದು ಉಳಿಯಿತು. ಕಳೆದ ಸಲದ ಪುಟದಲ್ಲಿ ಹೀಗಿದೆ: ‘ಕಿಡಿಯೊ ಒಂದು ಡಬ್ಬ ಉಳಿಯಿತು, ಅರ್ಧ ಕೆಜಿ ಕಡಿಮೆ ಸಾಕು. ನೆವ್ರಿ ಕ್ರಿಸ್ಮಸ್ ದಿನವೇ ಮುಗಿಯಿತು, 40 ಹೆಚ್ಚು ಮಾಡಬೇಕು. ನಕ್ಷತ್ರದ ಒಂದು ಕಡ್ಡಿ ಮುರಿದಿದೆ.’