ಹಳೇ ಡೇಟಾಬೇಸ್ ಕೆಡಿಸದೆ ಹೊಸ ವರದಿ ತೆಗೆಯುವುದು ಹೇಗೆ?

ವರ್ಷಗಟ್ಟಲೆ ಓಡುತ್ತಿರುವ ಒಂದು ಸಾಫ್ಟ್‌ವೇರ್. ಡೇಟಾಬೇಸ್ ತುಂಬ ಮಾಹಿತಿ ಇದೆ, ಆದರೆ ತಿಂಗಳವಾರು ಲೆಕ್ಕ ಕೇಳಿದರೆ ಕೊಡುವ ಪುಟವೇ ಇಲ್ಲ. ಇಂಥ ಕಡೆ ಪೈಥಾನ್‌ನ ಜಾಂಗೋ ಫ್ರೇಮ್‌ವರ್ಕ್ (ವೆಬ್ ಪುಟ ಕಟ್ಟುವ ಸಿದ್ಧ ಚೌಕಟ್ಟು) ಚೆನ್ನಾಗಿ ಕೈಹಿಡಿಯುತ್ತದೆ. ಹಳೇ ಡೇಟಾ ಮಾತ್ರ ಒಂದು ಸಾಲೂ ಬದಲಾಗಬಾರದು.

ಹಾಗಾಗಿ ಕೋಡ್ ಬರೆಯುವ ಮೊದಲೇ ಡೇಟಾಬೇಸ್‌ನಲ್ಲಿ ಹೊಸ ಯೂಸರ್ ಮಾಡಿ, ಸೆಲೆಕ್ಟ್, ಅಂದರೆ ಓದುವ ಅನುಮತಿಯನ್ನಷ್ಟೇ ಕೊಡಿ. ನಾವು ಹುಷಾರಾಗಿದ್ದರೆ ಸಾಕು ಅನ್ನಬೇಡಿ. ಕೈತಪ್ಪಿ ಎಲ್ಲೋ ಸೇವ್ ಅಂತ ಬರೆದರೂ ಡೇಟಾಬೇಸೇ ಅದನ್ನು ತಡೆಯಬೇಕು.

ಲಾಗಿನ್, ಸೆಷನ್‌ಗಳಿಗೆ ಜಾಂಗೋಗೆ ತನ್ನದೇ ಟೇಬಲ್‌ಗಳು ಬೇಕು. ಅವನ್ನು ಹಳೆಯದರಲ್ಲಿ ತುರುಕಬೇಡಿ. ಸೆಟ್ಟಿಂಗ್ಸ್‌ನಲ್ಲಿ ಎರಡು ಡೇಟಾಬೇಸ್ ಬರೆಯಿರಿ: ಡಿಫಾಲ್ಟ್ ಆಗಿ ಒಂದು ಚಿಕ್ಕ ಎಸ್‌ಕ್ಯೂಲೈಟ್ (ಒಂದೇ ಫೈಲ್‌ನಲ್ಲಿರುವ ಡೇಟಾಬೇಸ್), ಪಕ್ಕದಲ್ಲಿ ಹಳೆಯದು. ಜಾಂಗೋದ ಟೇಬಲ್‌ಗಳನ್ನು ಕಟ್ಟುವ ಮೈಗ್ರೇಟ್ ಕಮಾಂಡ್ ಓಡಿಸುವುದು ಡಿಫಾಲ್ಟ್ ಮೇಲೆ ಮಾತ್ರ.

ಈಗ ಹಳೇ ಡೇಟಾಬೇಸ್‌ನ ಹೆಸರು ಕೊಟ್ಟು ಇನ್‌ಸ್ಪೆಕ್ಟ್‌ಡಿಬಿ ಕಮಾಂಡ್ ಓಡಿಸಿ. ಟೇಬಲ್‌ಗಳನ್ನು ಓದಿ ಮಾಡೆಲ್‌ಗಳನ್ನು, ಅಂದರೆ ಒಂದೊಂದು ಟೇಬಲ್‌ನ ವಿವರ ಹೇಳುವ ಪೈಥಾನ್ ಕ್ಲಾಸ್‌ಗಳನ್ನು, ಅದೇ ಬರೆದುಕೊಡುತ್ತದೆ. ಪ್ರತಿ ಮಾಡೆಲ್‌ನಲ್ಲೂ ಮ್ಯಾನೇಜ್ಡ್ ಎಂಬುದರ ಮುಂದೆ ಫಾಲ್ಸ್ ಇರುತ್ತದೆ. ಈ ಟೇಬಲ್ ಕಟ್ಟುವುದು, ಬದಲಿಸುವುದು ಜಾಂಗೋ ಕೆಲಸವಲ್ಲ ಎಂದು ಅದರ ಅರ್ಥ. ಅದನ್ನು ಹಾಗೇ ಬಿಡಿ.

ಆದರೆ ಬಂದದ್ದನ್ನು ಸುಮ್ನೆ ನಂಬಬೇಡಿ, ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ನೋಡಿ. ಆರ್ಡರ್ ನಂಬರ್, ಸಾಲಿನ ನಂಬರ್ ಎರಡೂ ಸೇರಿ ಕೀ ಆಗಿದ್ದರೆ, 5.2 ಆವೃತ್ತಿಗಿಂತ ಹಳೇ ಜಾಂಗೋ ಮೊದಲ ಕಾಲಂ ಒಂದನ್ನೇ ಕೀ ಎಂದು ಹಿಡಿಯುತ್ತದೆ. ಆಗ ಒಂದೇ ಆರ್ಡರ್‌ನ ನಾಲ್ಕು ಸಾಲಿಗೂ ಒಂದೇ ಗುರುತು! ಆಗುವುದಾದರೆ 5.2 ಅಥವಾ ಅದರ ನಂತರದ್ದನ್ನೇ ಬಳಸಿ.

ಇನ್ನು ವರದಿ. ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ) ಯೂಸಿಂಗ್ ಹಾಕಿ ಹಳೇ ಡೇಟಾಬೇಸ್‌ನ ಹೆಸರು ಕೊಡಿ. ಟ್ರಂಕ್‌ಮಂತ್‌ನಿಂದ ತಿಂಗಳು ತೆಗೆದು, ವ್ಯಾಲ್ಯೂಸ್‌ನಿಂದ ಗುಂಪು ಮಾಡಿ, ಆನೊಟೇಟ್‌ನಲ್ಲಿ ಸಮ್ ಹಾಕಿದರೆ ತಿಂಗಳ ಮೊತ್ತ ಸಿಗುತ್ತದೆ.

ಜಾಸ್ತಿ ಜನ ಎಡವುವುದು ಇಲ್ಲೇ. ಒಂದು ಆರ್ಡರ್‌ಗೆ 3 ಐಟಂ ಸಾಲು, 2 ಪಾವತಿ ಇವೆ ಅಂದುಕೊಳ್ಳಿ. ಎರಡರ ಮೊತ್ತವನ್ನೂ ಒಂದೇ ಕ್ವೆರಿಯಲ್ಲಿ ಕೇಳಿದರೆ ಜಾಯಿನ್ ಆಗಿ, ಅಂದರೆ ಪ್ರತಿ ಐಟಂ ಸಾಲೂ ಪ್ರತಿ ಪಾವತಿಯ ಜೊತೆ ಸೇರಿ, 6 ಸಾಲು ಬರುತ್ತವೆ. ಆ 3 ಸಾಲುಗಳಲ್ಲಿನ ಐಟಂಗಳ ಒಟ್ಟು ಸಂಖ್ಯೆ 10 ಇದ್ದದ್ದು 20 ಆಗುತ್ತದೆ, ಪಾವತಿ ಮೂರು ಪಟ್ಟಾಗುತ್ತದೆ. ಎರರ್ ಏನೂ ಬರುವುದಿಲ್ಲ, ಅದೇ ಅಪಾಯ ಅಲ್ವಾ? ಒಂದೊಂದು ಮೊತ್ತಕ್ಕೂ ಬೇರೆ ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ) ಬರೆಯಿರಿ.

ಕ್ವೆರಿ ತೀರಾ ಗೋಜಲಾದರೆ ಡೇಟಾಬೇಸ್ ನೋಡಿಕೊಳ್ಳುವವರನ್ನು ಕೇಳಿ ಒಂದು ವ್ಯೂ (ಹೆಸರಿಟ್ಟು ಡೇಟಾಬೇಸ್‌ನಲ್ಲೇ ಉಳಿಸಿದ ಕ್ವೆರಿ) ಮಾಡಿಸಿಕೊಳ್ಳಿ. ಅದಕ್ಕೂ ಟೇಬಲ್‌ಗೆ ಬರೆದಂತೆಯೇ ಮಾಡೆಲ್ ಬರೆಯಬಹುದು.

ಪುಟವನ್ನು ಯಾರಿಗಾದರೂ ತೋರಿಸುವ ಮೊದಲು ಲೆಕ್ಕ ಮುಗಿದುಹೋದ ಒಂದು ತಿಂಗಳನ್ನು ಆರಿಸಿಕೊಳ್ಳಿ. ಅದರ ಮೊತ್ತವನ್ನು ನೇರ ಎಸ್‌ಕ್ಯೂಎಲ್‌ನಲ್ಲಿ ತೆಗೆದು, ಪುಟದ ಅಂಕಿಯ ಪಕ್ಕ ಇಟ್ಟು ನೋಡಿ.